ನಾಲ್ಕು ಸುತ್ತು ಬಂದ ಚೀಟಿ

ಮಹಾಮಹಿಮರಾದ ಅಕ್ಕನವರ ಸನ್ನಿಧಾನಕ್ಕೆ, ಅಪರಾಧಿ ತಮ್ಮನ ಅರಿಕೆ.

ಶನಿವಾರ ನೀನು ಊಟಕ್ಕೆ ಹೋಗಿದ್ದ ಜಪಾನಿ ಸುಶಿ ಹೋಟೆಲಿನಲ್ಲಿ, ತಟ್ಟೆಗಳು ತಾವಾಗಿಯೇ ಸುತ್ತುವ ಪಟ್ಟಿಯ ಆಚೆ ಬದಿಗೆ ಕುಳಿತಿದ್ದವನು ನಾನೇ. ಮೀನಿನ ತಟ್ಟೆಗೆ ಚೀಟಿ ಸಿಕ್ಕಿಸಿ ಕಳಿಸಿದವನೂ ನಾನೇ. ನನ್ನ ಅಕ್ಷರ ಕಂಡೊಡನೆ ನೀನು ಕೈ ಹಿಂದೆಳೆದುಕೊಂಡೆ. ತಪ್ಪೇನಿಲ್ಲ. ನಿನ್ನ ದನಿಯಲ್ಲಿ ನಿನ್ನ ಭಾವೀ ಅತ್ತೆಗೆ ಫೋನು ಮಾಡಿ, "ನಂಗೀ ಮದುವೆ ಬೇಡ" ಎಂದು ತಮಾಷೆ ಮಾಡಿದ ಘನಕಾರ್ಯವೂ ನನ್ನದೇ. ಅವರು ನಗಲಿಲ್ಲ, ಮದುವೆ ಮುರಿಯಿತು.

ತಟ್ಟೆ ನಾಲ್ಕು ಸುತ್ತು ಬಂತು. ಆಮೇಲೆ ಅಡುಗೆಯವರು ಅದನ್ನೆತ್ತಿ ಕಸಕ್ಕೆ ಸುರಿದರು.

"ಅದ್ರಲ್ಲಿ ಚೀಟಿ ಇದೆ ಸಾರ್," ಎಂದೆ.

"ಹಳಸಿದ್ಮೇಲೆ ಎಲ್ಲಾ ಒಂದೇ ಕಣಪ್ಪಾ," ಎಂದರು.

ಚೀಟಿಯಲ್ಲಿದ್ದದ್ದು ಇಷ್ಟೇ: ಗುರುವಾರ ಬೆಳಿಗ್ಗೆ ಅಮ್ಮನಿಗೆ ಹೃದಯದ ಆಪರೇಷನ್. ಇದು ತಮಾಷೆಯಲ್ಲ. ನನ್ನ ಮಾತು ನಂಬಬೇಡ, ಆಸ್ಪತ್ರೆಗೇ ಫೋನು ಮಾಡಿ ಕೇಳು, ನಂಬರು ಹಿಂಬದಿಯಲ್ಲಿದೆ. ಆ ನಂಬರನ್ನು ಈ ಕಾಗದದ ಹಿಂದೆಯೂ ಬರೆದಿದ್ದೇನೆ.

ಬುಧವಾರ ಸಂಜೆ ಆಸ್ಪತ್ರೆಗೆ ಬಾ. ಆಗ ನಾನು ಅಲ್ಲಿರುವುದಿಲ್ಲ. ಅಮ್ಮನ ಕನ್ನಡಕ ಮಂಚದ ಪಕ್ಕದ ಖಾನೆಯಲ್ಲಿದೆ, ಒಳಗೆ ಹೋದೊಡನೆ ಹಾಕಿಕೊಡು. ಬಾಗಿಲು ಸದ್ದಾದಾಗಲೆಲ್ಲ, ಬಂದ ನರ್ಸನ್ನೇ ನೀನೆಂದುಕೊಂಡು "ಬಂದ್ಯಾ" ಎನ್ನುತ್ತಿದ್ದಾಳೆ.

ಇಂತಿ,
ನಿನ್ನ ಬಾಲವಿಲ್ಲದ ಕೋತಿ