ಅತ್ತೆ ಮೊದಲು ಉಂಡ ದಿನ

ಪ್ರೀತಿಯ ಮಾವಾರಿಗೆ,

ನೀವು ಇದ್ದಾಗ ಹೀಗೆ ಕರೆಯುವ ಧೈರ್ಯ ನನಗಿರಲಿಲ್ಲ. ಸೊಸೆಯಾದವಳು ಮಾವನಿಗೆ 'ಪ್ರೀತಿಯ' ಅನ್ನುತ್ತಾಳೆಯೇ? ಸಾರವಾಡದ ನಿಮ್ಮ ಅಕ್ಕನ ಕಿವಿಗೆ ಬಿದ್ದಿದ್ದರೆ, 'ಇಂಗ್ಲೀಷ್ ಸಾಲಿ ಕಲ್ತಾಕಿನ್ನ ತಂದ್ರ ಇನ್ನೇನಾಕ್ಕೈತಿ' ಎಂದು ಬಸ್ಸಿನಲ್ಲಿ ಕೂತವರಿಗೆಲ್ಲ ಹೇಳುತ್ತ ಹೋಗುತ್ತಿದ್ದರು. ಈಗ ಯಾರ ಅಂಜಿಕೆ? ಪ್ರೀತಿಯ, ಪ್ರೀತಿಯ, ಪ್ರೀತಿಯ ಮಾವಾರ. ಯಾವುದನ್ನೂ ಒಂದು ಸಲ ಹೇಳಿ ಸುಮ್ಮನಿರಲು ನನಗೆ ಬರುವುದಿಲ್ಲ, ನಿಮಗೆ ಗೊತ್ತೇ ಇದೆ.

ತಿಕೋಟಾದಲ್ಲಿ ನಮ್ಮ ಮದುವೆಯ ಭೂಮದ ಊಟಕ್ಕೆ ಕೂತದ್ದು ನೆನಪಿದೆಯೇ? ಒಂದೇ ದೊಡ್ಡ ತಾಟಿನ ಸುತ್ತ ಎರಡೂ ಮನೆಯವರು. ಒಡಪು ಹಾಕಿ ಗಂಡನ ಹೆಸರು ಹೇಳು ಎಂದರೆ ನನಗೆ ನಗುವೇ ಹೊರತು ಮಾತೇ ಬರಲೊಲ್ಲದು. 'ಹೆಸರ ಹೇಳಾಕ ಬರ್ಲಿಲ್ಲಂದ್ರ ಅವನ ಆಧಾರ್ ಕಾರ್ಡರ ತೋರಸವಾ, ನಾವು ಓದ್ಕೊಂತೀವಿ' ಎಂದಿರಿ ನೀವು. ಎಲ್ಲರೂ ಗೊಳ್ಳೆಂದು ನಕ್ಕರು. ನೀವು ಮಾತ್ರ ಕೆನ್ನೆಗೆ ಕೈ ಅಡ್ಡ ಹಿಡಿದು ನಕ್ಕಿರಿ. ಹಿರಿಯರ ಮರ್ಯಾದೆ ಎಂದುಕೊಂಡೆ. ಹೋಳಿಗೆಯ ಚೂರನ್ನು ನೀವು ಬಾಯಿಯ ಒಂದೇ ಮಗ್ಗುಲಿಗೆ ಸರಿಸಿ ತಿನ್ನುತ್ತಿದ್ದದ್ದನ್ನು ಯಾರೂ ನೋಡಲಿಲ್ಲ. ನಾಲಿಗೆಯ ಅಂಚಿನ ಹುಣ್ಣು ಆಗಲೇ ಇತ್ತು. ಮಗನ ಲಗ್ನವೊಂದು ಮುಗಿಯಲಿ ಎಂದು ಬಬಲೇಶ್ವರದ ನಿಮ್ಮ ಗೊಬ್ಬರದ ಅಂಗಡಿಯಲ್ಲಿ ಕೂತು, ಅದೇ ಹುಣ್ಣಿನ ಪಕ್ಕಕ್ಕೆ ತಂಬಾಕು ಸುಣ್ಣ ತಿಕ್ಕಿ ಇಟ್ಟುಕೊಳ್ಳುತ್ತ... ನಾನು ತವರಿನಿಂದ ತಂದ ಉಂಡಿಯ ಡಬ್ಬಿ ಖಾಲಿಯಾಗುವ ಮೊದಲೇ ಕ್ಯಾನ್ಸರ್ ಎಂದು ಆಸ್ಪತ್ರೆಯಲ್ಲಿ ನಿಮ್ಮ ಅರ್ಧ ನಾಲಿಗೆಯನ್ನೂ ಒಂದು ಕಡೆಯ ದವಡೆಯನ್ನೂ ತೆಗೆದಿದ್ದರು.

ಗಂಜಿ ಇಳಿಸಲು ಮೂಗಿಗೆ ಹಾಕಿದ್ದ ಪೈಪು ತೆಗೆದ ಮೇಲೆ ಅಥಣಿ ರಸ್ತೆಯ ನಮ್ಮ ಮನೆಯಲ್ಲಿ ನೀವು ಮೊದಲ ಸಲ ಊಟಕ್ಕೆ ಕೂತ ದಿನ, ಸ್ಟೀಲಿನ ಚಮಚ ನಿಮ್ಮ ಬಾಯಿಯೊಳಗೆ ಹೋಗಲೇ ಇಲ್ಲ. ಬಾಯಿ ಅಷ್ಟು ತೆರೆಯುತ್ತಿರಲಿಲ್ಲ. ಗಂಜಿ ತುಟಿಯಿಂದ ಇಳಿದು ಕುತ್ತಿಗೆಗೆ ಬಂದರೂ ನಿಮಗೆ ಅರಿವಾಗಲಿಲ್ಲ, ಆ ತುಟಿ ಮರಗಟ್ಟಿತ್ತು. ನಿಮ್ಮ ಮಗ ಎದ್ದು ಹೊರಗೆ ಹೋದರು. ನಾನು ಮರುದಿನವೇ ಗೋಳಗುಮ್ಮಟದ ಹತ್ತಿರದ ಅಂಗಡಿಯಿಂದ ಕೂಸುಗಳಿಗೆ ಉಣಿಸುವ ಮೆತ್ತನೆಯ ಚಮಚ ತಂದೆ. ಹಿಡಿಕೆಯ ಮೇಲೆ ಹಳದಿ ಜಿರಾಫೆ! ಬೇರೆ ಇರಲಿಲ್ಲ, ಏನು ಮಾಡಲಿ? ನೀವು ಜಿರಾಫೆಯನ್ನು ನೋಡಿದಿರಿ, ನನ್ನನ್ನು ನೋಡಿದಿರಿ, ನಿಮ್ಮ ಭುಜ ಅಲುಗಿತು. ಆಪರೇಷನ್ ಆದ ಮೇಲೆ ನೀವು ನಕ್ಕದ್ದು ಅದೇ ಮೊದಲು. ನನಗೆ ಎಂಥ ಖುಷಿ ಅಂದರೆ, ಇನ್ನೇನು ಎಲ್ಲ ಸರಿಹೋಗಿಯೇಬಿಟ್ಟಿತು ಅಂದುಕೊಂಡೆ.

ಒಂದು ಮಧ್ಯಾಹ್ನ ನಾನು ಪ್ಲಾಸ್ಟಿಕ್ ಲೋಟದ ಅಂಚನ್ನು ಅರ್ಧಚಂದ್ರದ ಹಾಗೆ ಕತ್ತರಿಸುತ್ತಿದ್ದಾಗ ಅತ್ತೆ ಓಡಿ ಬಂದರು. 'ಛಲೋ ಲೋಟ ಯಾಕ ಕತ್ತರಸ್ತಿ ಪೂಜಾ? ಹುಚ್ಚ ಹಿಡದೈತೇನ ನಿನಗ?' ಆ ಕಚ್ಚಿನಲ್ಲಿ ಮೂಗು ಕೂರುತ್ತದೆ, ಕತ್ತು ಹಿಂದಕ್ಕೆ ಎತ್ತದೆ ಕುಡಿಯಬಹುದು, ಕತ್ತು ಎತ್ತಿದರೆ ನೀರು ಶ್ವಾಸದ ದಾರಿಗೆ ಇಳಿದುಬಿಡುತ್ತದೆ ಎಂದು ಆಸ್ಪತ್ರೆಯಲ್ಲಿ ತೋರಿಸಿಕೊಟ್ಟದ್ದನ್ನು ಹೇಳಿದೆ. ಅತ್ತೆ ಆ ಲೋಟವನ್ನು ತಮ್ಮ ಮೂಗಿಗೇ ಹಿಡಿದು ಕುಡಿದು ನೋಡಿದರು. ಸೀರೆ ತೋಯ್ದಿತು. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಆಮೇಲೆ ಬಿಸಿ ರೊಟ್ಟಿ ಮುರಿದು ಬೆಳ್ಳುಳ್ಳಿ, ತುಪ್ಪ, ಬೇಳೆಯ ಕಟ್ಟು ಹಾಕಿ ಮಿಕ್ಸಿಗೆ ಹಾಕಿದೆ. 'ಮಿಕ್ಸ್ಯಾಗ ರೊಟ್ಟಿ! ನಮ್ಮತ್ತಿ ಇದ್ದಿದ್ರ ನಿನ್ನೂ ಅದರಾಗ ಹಾಕಿ ತಿರುವ್ತಿದ್ಲು' ಎಂದರು ಅತ್ತೆ. ನೀವು ಆ ಮುದ್ದೆಯಂಥದ್ದನ್ನು ನಾಲಿಗೆಯ ಉಳಿದರ್ಧದ ಮೇಲೆ ಇಟ್ಟುಕೊಂಡು ಬಹಳ ಹೊತ್ತು ಕಣ್ಣು ಮುಚ್ಚಿದ್ದಿರಿ. ರೊಟ್ಟಿಯ ರುಚಿ ಸಿಕ್ಕಿತೇ ಎಂದು ನಾನು ಕೇಳಲಿಲ್ಲ. ಸಿಗಲಿಲ್ಲ ಎಂದರೆ...

ನಾನು ಈ ಮನೆಗೆ ಬಂದ ಮೊದಲ ವಾರವೇ ಒಂದು ಕಟ್ಟಳೆ ಕಂಡಿದ್ದೆ. ನೀವು ಉಂಡು ಕೈ ತೊಳೆಯುವ ತನಕ ಅತ್ತೆ ಒಂದು ಅಗುಳನ್ನೂ ಬಾಯಿಗೆ ಹಾಕುವುದಿಲ್ಲ. ನನಗೆ ಆ ಕಟ್ಟಳೆ ಇರಲಿಲ್ಲ. 'ನೀ ಉಣ್ಣು, ನಿನ್ನ ಹೊಟ್ಟಿ ಕೂಗೂದು ಹೊರಗ ರಸ್ತೇಕ ಕೇಳಸಾಕತ್ತೈತಿ' ಎಂದು ಅತ್ತೆಯೇ ನನಗೆ ಬಡಿಸುತ್ತಿದ್ದರು. ತಾವು ಮಾತ್ರ ಬಾಗಿಲಿಗೆ ಒರಗಿ ಕಾಯುತ್ತಿದ್ದರು. ಮೊದಲು ನಿಮ್ಮ ಊಟ ಎಂದರೆ ಸರಸರ ಮುಗಿಯುವ ಕೆಲಸ. ಈಗ ಒಂದು ಬಟ್ಟಲು ಅಂಬಲಿಗೆ ಒಂದು ತಾಸು. ಸಣ್ಣ ಗುಟುಕು, ಗದ್ದ ಎದೆಗೆ ತಾಗಿಸಿ ನುಂಗುವುದು, ಅದನ್ನೇ ಮತ್ತೊಮ್ಮೆ ನುಂಗುವುದು, ಕೆಮ್ಮು, ಎದುರಿಗಿಟ್ಟ ಕನ್ನಡಿ ನೋಡಿ ತುಟಿ ಒರೆಸಿಕೊಳ್ಳುವುದು. ಅರ್ಧ ಬಟ್ಟಲಿಗೇ ನೀವು ಕೈ ಎತ್ತಿಬಿಡುತ್ತಿದ್ದಿರಿ. ಸಾಕು. ಬಾಯಿರುಚಿ ಹೋಗಿದೆ ಎಂದುಕೊಂಡೆವು. ದಿನದ ಊಟವನ್ನು ಸಣ್ಣ ಸಣ್ಣ ಪಾಲು ಮಾಡಿ ಹಲವು ಹೊತ್ತಿಗೆ ಹಂಚಿದೆ. ಅತ್ತೆ ಒಂದೊಂದಕ್ಕೂ ಕಾದರು, ನೀವು ಒಂದೊಂದನ್ನೂ ಅರ್ಧಕ್ಕೆ ಬಿಟ್ಟಿರಿ. ತೂಕ ಇಳಿಯುತ್ತಲೇ ಇತ್ತು. ಹೀಗೇ ಇಳಿದರೆ ದೇಹ ತಾಳುವುದಿಲ್ಲ, ನಾವು ಕರೆಂಟು ಕೊಡುವುದು ಅನ್ನುತ್ತಿದ್ದ ರೇಡಿಯೇಷನ್ ಚಿಕಿತ್ಸೆಯನ್ನು ನಡುವೆಯೇ ನಿಲ್ಲಿಸಬೇಕಾಗುತ್ತದೆ ಎಂದು ಡಾಕ್ಟರು ಹೇಳಿದರು. ನಿಲ್ಲಿಸಿದರೆ ಮುಂದೇನು ಎಂದು ನಮಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಒಂದು ಸೋಮವಾರ ತೊಳೆಯಲು ಎತ್ತಿಕೊಂಡ ನಿಮ್ಮ ಬಟ್ಟಲು ಖಾಲಿ! ನಾನು ಕುಣಿಯುವುದೊಂದು ಬಾಕಿ. ಮಂಗಳವಾರ ಮತ್ತೆ ಅರ್ಧ. ಮುಂದಿನ ಸೋಮವಾರ ಮತ್ತೆ ಖಾಲಿ. ಅದೇ ಮಿಕ್ಸಿ, ಅದೇ ಅಂಬಲಿ, ಸೋಮವಾರಕ್ಕೇನು ಕೊಂಬು? ಆಮೇಲೆ ಹೊಳೆಯಿತು. ಸೋಮವಾರ ಅತ್ತೆಗೆ ಉಪವಾಸ. ಅಂದು ಅವರ ಊಟ ನಿಮ್ಮ ಬಟ್ಟಲಿಗೆ ಕಾದಿರುವುದಿಲ್ಲ. ಅತ್ತೆ ಮಲಗಿದ ಹೊತ್ತು ನೋಡಿ ನಿಮ್ಮ ಮುಂದೆ ಕೂತು ಕೇಳಿಯೇಬಿಟ್ಟೆ.

'ಮಾವಾರ, ಖರೇ ಹೇಳ್ರಿ. ಹೊಟ್ಟಿ ತುಂಬಿ ಬಿಡ್ತೀರೋ, ಅತ್ತಿಯಾರ ಸಲುವಾಗಿ ಬಿಡ್ತೀರೋ?'

ನೀವು ಬಾಗಿಲ ಕಡೆ ನೋಡಿದಿರಿ. ನಿಮ್ಮ ಮಾತು ಆಗ ಎಲ್ಲರಿಗೂ ಬರೀ ಗುಳುಗುಳು. ದಿನವೂ ಎದುರಿಗೆ ಕೂತು ಕೂತು ನನಗೆ ಮಾತ್ರ ತಿಳಿಯುತ್ತಿತ್ತು. 'ಆಕಿ ಅಲ್ಲಿ ಹಸದ ನಿಂತಿರ್ತಾಳ. ನಂದು ಮುಗಿಯಂಗಿಲ್ಲ. ಹೆಂಗ ಇಳೀಬೇಕ ಯವ್ವಾ, ಇದರಾಗ?' ಎಂದು ಗಂಟಲು ತೋರಿಸಿದಿರಿ.

ಅದರ ಮರುದಿನ ಅಡುಗೆಮನೆಯಲ್ಲಿ ಅತ್ತೆಗೆ ಎಲ್ಲ ಹೇಳಿದೆ. 'ನೀವು ಮೊದಲ ಉಂಡಬಿಡ್ರಿ, ಅವರು ನಿಶ್ಚಿಂತಿಲೆ ಉಣ್ತಾರ' ಎಂದೆ. ಎಷ್ಟು ಸುಲಭ! ಎಂದು ನನ್ನ ಬುದ್ಧಿಗೆ ನಾನೇ ಹಿಗ್ಗಿದ್ದೆ. ಅತ್ತೆ ಬೇಳೆ ತೊಳೆಯುವುದನ್ನು ನಿಲ್ಲಿಸಿದರು. 'ಹಂಗ ಅನಬ್ಯಾಡ ಪೂಜಾ. ಯಾರಿಗೂ ಕಾಯಲಾರದ ಉಣ್ಣಾಕಿ ಯಾರು? ಗಂಡ ಇಲ್ಲದಾಕಿ. ನಾ ಮೊದಲ ಉಂಡ್ರ, ಅವರು ಇಲ್ಲಂತ ತಿಳದ ಉಂಡಂಗ ಆಕ್ಕೈತಿ.' ನೀವು ಉಳಿಯಲೆಂದು ಅವರು ಹಸಿದಿರುತ್ತಾರೆ. ಅವರು ಉಣ್ಣಲೆಂದು ನೀವು ಹಸಿದೇ ಏಳುತ್ತೀರಿ. ಸಿಟ್ಟು ಬಂತು, ಇಬ್ಬರನ್ನೂ ತಬ್ಬಿಕೊಳ್ಳಬೇಕೆನ್ನಿಸಿತು, ಎರಡೂ ಒಟ್ಟಿಗೇ. ಕೊನೆಗೆ ನಿಮ್ಮ ಹತ್ತಿರ ಬಂದು 'ಅತ್ತಿಯಾರದ ಊಟ ಆತ್ರಿ' ಎಂದು ಹಸೀ ಸುಳ್ಳು ಹೇಳಿದೆ. ನೀವು ಅತ್ತೆಯನ್ನು ಕರೆದಿರಿ, ಅವರ ಬಲಗೈ ಹಿಡಿದು ಬೆರಳು ಮೂಸಿದಿರಿ. ಉಂಡಿದ್ದರೆ ರೊಟ್ಟಿಗೆ ಹಚ್ಚಿಕೊಂಡ ಶೇಂಗಾ ಹಿಂಡಿಯ ವಾಸನೆ ಇರಬೇಕಲ್ಲ! 'ಸುಳ್ಳಬುರುಕಿ' ಎಂದು ನನಗೆ ಬೆರಳು ಮಾಡಿ ಚಮಚ ಕೆಳಗಿಟ್ಟಿರಿ. ಅತ್ತೆ ಕೈ ಬಿಡಿಸಿಕೊಂಡು ನಾಚಿ ಒಳಗೆ ಓಡಿದರು. ನಾವು ಹೊಸ ಜೋಡಿಯೋ ನೀವೋ?

ಆ ದಿನ ನೆನಪಿದೆಯಲ್ಲ, ಸಾರವಾಡದಿಂದ ನಿಮ್ಮ ಅಕ್ಕ ಬಂದು ಕೂತಿದ್ದ ದಿನ? ಹಿಂದಿನ ದಿನ ಡಾಕ್ಟರು ಕೊನೆಯ ಮಾತು ಎಂಬಂತೆ ಹೇಳಿದ್ದರು: ಈ ವಾರ ತೂಕ ಏರಲೇಬೇಕು. ನೀವು ಬಟ್ಟಲನ್ನು ದೂರ ಸರಿಸಿ, ಅತ್ತೆಯ ತಾಟು ತಂದು ಎದುರಿಗೆ ಇಡು ಎಂದು ನನಗೆ ಸನ್ನೆ ಮಾಡಿದಿರಿ. 'ನೀ ಉಂಡ್ರ ನಾ ಉಣ್ತೀನಿ. ಇಲ್ಲಂದ್ರ ಇಲ್ಲ.' ನಾನು ಅದನ್ನು ಬಿಡಿಸಿ ಹೇಳುವ ಮೊದಲೇ ಅತ್ತೆಗೆ ತಿಳಿದಿತ್ತು. ರೊಟ್ಟಿ ಮುರಿದರು, ಪಲ್ಲೆ ಹಚ್ಚಿದರು, ಕಣ್ಣು ಮುಚ್ಚಿಕೊಂಡರು. ಮುಚ್ಚಿದ ಕಣ್ಣಿನಿಂದಲೇ ನೀರು ಇಳಿಯುತ್ತಿತ್ತು. ಬಾಯಿಗೆ ಹಾಕಿಕೊಂಡರು. ನೀವು ಚಮಚ ಎತ್ತಿದಿರಿ. ತಾಸು ಮೀರಿತು, ಬಟ್ಟಲು ಬರಿದಾಯಿತು, ಇನ್ನಷ್ಟು ತಾ ಎಂದು ನನ್ನ ಕಡೆ ಚಾಚಿದಿರಿ! ನಾನು ಅಂಗಡಿಯಲ್ಲಿದ್ದ ನಿಮ್ಮ ಮಗನಿಗೆ ಫೋನ್ ಮಾಡಿ ಕಿರುಚಿದೆ. ಹಿಂದಿನಿಂದ ನಿಮ್ಮ ಅಕ್ಕನ ದನಿ ಕೇಳಿಸಿತು. 'ಗಂಡನಕಿಂತ ಮೊದಲ ತುತ್ತ ಎತ್ತಿದ್ಯಾ? ಏನ ಅವಸರ ಇತ್ತ ಬೇ ನಿನಗ?' ನಿಮಗೆ ಜೊತೆಯಾಗಿ ಒಂದೊಂದೇ ತುತ್ತು ಉಣ್ಣುತ್ತಿದ್ದ ಅತ್ತೆ ಅಗಿಯುವುದನ್ನು ನಿಲ್ಲಿಸಿದರು. ಬಾಯಲ್ಲಿದ್ದದ್ದನ್ನು ನುಂಗಲೂ ಇಲ್ಲ, ಉಗುಳಲೂ ಇಲ್ಲ.

ಆ ವಾರದ ಕೊನೆಗೆ ಆಸ್ಪತ್ರೆಯ ತಕ್ಕಡಿಯ ಮೇಲೆ ನಿಂತಾಗ ನಿಮ್ಮ ತೂಕ ಏರಿತ್ತು. ಸ್ವಲ್ಪವೇ, ಆದರೂ ಏರಿತ್ತು. ನಿಮಗೆ ಹೇಳಲು ಆಗಲಿಲ್ಲ, ಏಕೆಂದರೆ ಅದೇ ಹೊತ್ತಿಗೆ ಡಾಕ್ಟರ ಕೈ ನಿಮ್ಮ ಕುತ್ತಿಗೆಯ ಮೇಲೆ ನಿಂತಿತ್ತು. ಇನ್ನೊಂದು ಕಡೆಯ ಗಂಟು. ಆಮೇಲೆ ಜ್ವರ, ಮತ್ತೆ ಮೂಗಿಗೆ ಪೈಪು, ಮತ್ತೆ... ನನಗೆ ಅದನ್ನು ಬರೆಯಲು ಬರುವುದಿಲ್ಲ ಮಾವಾರ. ನೀವು ಹೋದಿರಿ. ಆ ಗಂಟು ಬಹಳ ಮೊದಲೇ ಒಳಗೆ ಬೆಳೆಯುತ್ತಿತ್ತು ಎಂದು ಡಾಕ್ಟರು ಅತ್ತೆಯ ಎದುರಿಗೇ ಹೇಳಿದರು. ಅತ್ತೆ ಕೇಳಿಸಿಕೊಂಡರು, ಹೂಂ ಅಂದರು.

ಮೊನ್ನೆ ಅತ್ತೆ ಉಣ್ಣದೆ ಬಿಟ್ಟ ತಾಟನ್ನು ಮತ್ತೆ ಹಾಗೆಯೇ ಎತ್ತಿಕೊಂಡು ಒಳಗೆ ಹೋದೆ. ಈಗ ಅವರು ಯಾರಿಗೂ ಕಾಯಬೇಕಿಲ್ಲ. ಆದರೂ ತುತ್ತು ಎತ್ತುತ್ತಾರೆ, ಇಳಿಸುತ್ತಾರೆ. ಡಾಕ್ಟರಿಗೂ ತೋರಿಸಿಕೊಂಡು ಬಂದೆವು, ಗಂಟಲಲ್ಲಿ ಏನೂ ಇಲ್ಲ ಎಂದರು. ರವಿಕೆಗಳೆಲ್ಲ ಜೋತುಬೀಳುತ್ತಿವೆ. ದುಃಖ, ತಾನಾಗಿ ಇಳಿಯುತ್ತದೆ ಎನ್ನುತ್ತಾರೆ ಬಂದವರು. 'ಯಾಕ್ರಿ ಅತ್ತಿಯಾರ, ಒಂದ ತುತ್ತರ ಉಣ್ರಿ' ಎಂದೆ. ಅವರು ನನ್ನ ಕೆನ್ನೆ ಸವರಿದರು. 'ಅವತ್ತ ನಾ ಬಾಯಿಗೆ ಹಾಕಿದ ತುತ್ತ ಅವರನ್ನ ಒಯ್ತ ಪೂಜಾ' ಎಂದರು. ಅಳುತ್ತಿರಲಿಲ್ಲ. ನಾಳೆ ನೀರು ಬರುವ ದಿನ ಎಂದು ಹೇಳುವ ದನಿಯಲ್ಲೇ ಹೇಳಿದರು.

ನೀವು ಕೇಳದೆ ಹೋದ ಸುದ್ದಿ ಇದು. ಇಂಥದ್ದನ್ನು ನಿಮಗೆ ತಿಳಿಸಬೇಕಾಗುತ್ತದೆ ಎಂದು ಯಾರು ಅಂದುಕೊಂಡಿದ್ದರು? ನನ್ನ ಮತ್ತು ನಿಮ್ಮ ಮಗನ ನಗು ಇನ್ನೂ ನಿಂತಿಲ್ಲ, ನಾಚಿಕೆಯಾಗುತ್ತದೆ. ನಗುತ್ತೇವೆ, ಆಮೇಲೆ ಅಡುಗೆಮನೆ ಎಷ್ಟು ಸುಮ್ಮನಿದೆ ಎಂದು ಕೇಳಿಸುತ್ತದೆ. ಆ ತುತ್ತಿನಿಂದ ಏನೂ ಆಗಿಲ್ಲ ಎಂದು ನಿಮ್ಮ ಮಗ ಹೇಳಿ ನೋಡಿದರು. ನಾನು ಹೇಳಿದೆ. ನಮ್ಮ ಮಾತನ್ನು ಅತ್ತೆ ಕೇಳುತ್ತಾರೆ, ನಂಬುವುದು ಮಾತ್ರ ನಿಮ್ಮ ಮಾತನ್ನು. ನಿಮ್ಮ ಮಾತು ಬಿಡಿಸಿ ಹೇಳುತ್ತಿದ್ದವಳು ನಾನೇ ಅಲ್ಲವೇ? ಅದಕ್ಕೇ ಕೊನೆಗೆ, 'ನೀವು ಉಂಡಿದ್ದಕ್ಕ ಅವರು ಹೊಟ್ಟಿ ತುಂಬ ಉಂಡ್ರು. ಅವರಿಗೆ ಅದರಿಂದ ಸಮಾಧಾನ ಆಗಿತ್ತು' ಎಂದೆ. ಅತ್ತೆ ತಟ್ಟನೆ ಮುಖ ಎತ್ತಿದರು. ಎಷ್ಟೋ ದಿನದ ಮೇಲೆ ಆ ಕಣ್ಣಲ್ಲಿ ಏನೋ ಇತ್ತು. 'ಹಂಗಂತ ಅವರು ಅಂದ್ರೇನ?' ಎಂದು ಕೇಳಿದರು.

ಹೂಂ ಅನ್ನದೆ ನಾನು ನೀರು ತರುವ ನೆಪದಲ್ಲಿ ಎದ್ದೆ. ನೀವು ಹಾಗೆ ಹೇಳಿರಲಿಲ್ಲ. ಅಂದು ಅತ್ತೆ ತುತ್ತು ಎತ್ತಿದ ಮೇಲೆ ನೀವು ಏನೂ ಹೇಳಲಿಲ್ಲ ಮಾವಾರ, ಬರೀ ಉಂಡಿರಿ.

ಊಟದ ಹೊತ್ತಾಯಿತು. ಅತ್ತೆಗೆ ಬಡಿಸಲು ಹೋಗುತ್ತೇನೆ, ನಾಳೆಯೂ ಬಡಿಸುತ್ತೇನೆ, ಅಷ್ಟು ಮಾತು ಕೊಡಬಲ್ಲೆ. ಅವರು ಉಣ್ಣುತ್ತಾರೆ ಎಂದು ಮಾತ್ರ ಬರೆಯಲಾರೆ.

ನಿಮ್ಮ ಸೊಸೆ,
ಪೂಜಾ