ಬಂಡಿ ಪಿಕ್ಚರಿನ ಕೊನೆಯ ರೀಲು

ಶ್ರೀನಿವಾಸಪುರ
೬ ಜುಲೈ ೨೦೨೫, ಭಾನುವಾರ

ಗೆಳೆಯ ಕದಿರೇಶನಿಗೆ ಭೀಮರಾಜ ಮಾಡುವ ನಮಸ್ಕಾರ.

ಇಲ್ಲಿ ನಾನೂ ಅಂಜಮ್ಮನೂ ಹೇಗೋ ಇದ್ದೇವೆ. ಟೇಕಲ್‌ನಲ್ಲಿ ನೀನೂ ಮನೆಯವರೂ ನಮಗಿಂತ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಕಾಗದ ಬಂದು ಇಪ್ಪತ್ತು ದಿನವಾಯಿತು, ತಡವಾಯಿತೆಂದು ಬೈಯಬೇಡ. ಮೂರು ಸಲ ಬರೆದು ಮೂರು ಸಲವೂ ಹರಿದು ಒಲೆಗೆ ಹಾಕಿದೆ. ಫೋನು ಮಾಡೋಣವೆಂದರೆ ನಿನ್ನ ಕಿವಿ ಸತ್ತು ವರ್ಷಗಳಾದವು. ನಾನು ಅರಚಿದ್ದು ನಮ್ಮ ಬೀದಿಗೆಲ್ಲ ಕೇಳಿಸುತ್ತದೆ, ನಿನಗೊಬ್ಬನಿಗೆ ಬಿಟ್ಟು. ಕಾಗದವೇ ವಾಸಿ.

ನಿನ್ನ ಮೊಮ್ಮಗಳು ಮೇಘನ ಕಾಲೇಜಿನ ಸಿನಿಮಾ ಸಂಘದ ಗೋಡೆಗೆ ಅಮೆರಿಕದ ಹತ್ತು ಶ್ರೇಷ್ಠ ಚಿತ್ರಗಳ ಪಟ್ಟಿ ಹಾಕುತ್ತಾಳಂತೆ. ಆರಿಸಿದವರು ಇಬ್ಬರು ಹಳೇ ಆಪರೇಟರ್‌ಗಳು ಎಂದು ನಮ್ಮ ಹೆಸರೂ ಬರೆಸುತ್ತಾಳಂತೆ. ಓದಿ ಮೊದಲು ನಗು ಬಂತು ಕಣೋ. ಕೋಲಾರದ ಥಿಯೇಟರಿನ ಕ್ಯಾಬಿನ್ನಿನಲ್ಲಿ ಬೀಡಿ ಸೇದಿಕೊಂಡಿದ್ದ ನೀನು, ಇಲ್ಲಿಯ ಟೆಂಟಿನಲ್ಲಿ ಬೆವರು ಒರೆಸಿಕೊಂಡಿದ್ದ ನಾನು! ಆ ಪಿಕ್ಚರುಗಳ ಹೆಸರು ಕೂಡ ನಮ್ಮ ಬಾಯಲ್ಲಿ ಹೊರಳುತ್ತಿರಲಿಲ್ಲ. ಜನ ಇಟ್ಟಿದ್ದೇ ಹೆಸರು: ಕುರುಡಿ ಪಿಕ್ಚರು, ಬಾವಿ ಪಿಕ್ಚರು, ಗುರ್ರಂ ಪಿಕ್ಚರು, ಅಂದರೆ ಕುದುರೆಯದು. ಅಮೆರಿಕದವರಿಗೆ ಗೊತ್ತಾದರೆ ಕೇಸು ಹಾಕುತ್ತಾರೆ.

ನಿನ್ನ ಪಟ್ಟಿಯಲ್ಲಿ ಎಂಟಕ್ಕೆ ನನ್ನ ತಕರಾರಿಲ್ಲ. ಆದರೆ ಆರನೆಯ ಜಾಗದಲ್ಲಿ ಬೊಕ್ಕತಲೆ ಪೊಲೀಸಿನದನ್ನು ಹಾಕಿದ್ದೀಯಲ್ಲ, ನಿನಗೆ ತಲೆ ಕೆಟ್ಟಿದೆಯೇ? ಅದು ಓಡಿದಾಗ ಇಲ್ಲಿ ಜನ ಅರ್ಧಕ್ಕೇ ಎದ್ದು ಕಡಲೆಕಾಯಿ ಕೊಳ್ಳಲು ಹೋದರು. ಶ್ರೇಷ್ಠ ಪಿಕ್ಚರು ಯಾವುದು ಎನ್ನುವುದಕ್ಕೆ ನನ್ನದು ಒಂದೇ ಅಳತೆ. ಕ್ಯಾಬಿನ್ನಿನ ಕಿಂಡಿಯಿಂದ ನಮಗೆ ಕಾಣುವುದು ಜನರ ಮುಖವಲ್ಲ, ತಲೆಯ ಹಿಂಭಾಗ. ತಲೆಗಳು ಅಲ್ಲಾಡದೆ ಕೂತವೋ, ಆ ಪಿಕ್ಚರು ದೊಡ್ಡದು. ನೀನು ಟೌನಿನವನು, ಮಾರನೆಯ ದಿನ ಪೇಪರಿನಲ್ಲಿ ಬಂದದ್ದನ್ನು ನಂಬಿದವನು. ಆರನೆಯದಕ್ಕೆ ಬಾವಿ ಪಿಕ್ಚರನ್ನು ಏರಿಸು. ಪೊಲೀಸಪ್ಪ ಹತ್ತನೆಯದಾಗಿ ಬೇಕಾದರೆ ಬಿದ್ದಿರಲಿ.

ಇನ್ನು ಮೊದಲನೆಯ ಜಾಗ. ಅಲ್ಲಿ ನೀನು ಬಂಡಿ ಪಿಕ್ಚರನ್ನು ಇಟ್ಟಿದ್ದೀಯ. ಪಕ್ಕದಲ್ಲಿ ಸಣ್ಣದಾಗಿ ಬರೆದಿದ್ದೀಯ: ‘ಮೂವತ್ತೊಂಬತ್ತು ವರ್ಷ ಜಗಳ ಆಡಿದ್ವಿ, ಸಾಕು. ನೀನೇ ಗೆದ್ದೆ ಅಂದ್ಕೋ. ಮುನಿಲಕ್ಷ್ಮಿ ಹೋದ್ಮೇಲೆ ನಿನ್ನತ್ರ ವಾದ ಮಾಡೋಕೆ ನಂಗೆ ಬಾಯಿ ಬರಲ್ಲ ಕಣೋ.’

ಅದನ್ನು ತೆಗೆದುಹಾಕು, ಕದಿರೇಶ. ಮೊದಲನೆಯ ಜಾಗದಿಂದ ಮಾತ್ರವಲ್ಲ, ಪಟ್ಟಿಯಿಂದಲೇ ತೆಗೆ. ಮೇಘನ ಗೋಡೆಗೆ ಬರೆಸುವ ಮೊದಲೇ ಹೇಳಿಬಿಡು. ಈ ಕಾಗದ ಬರೆಯುತ್ತಿರುವುದೇ ಅದಕ್ಕೆ. ಯಾಕೆ ಎಂದು ಆ ಹುಡುಗಿ ಕೇಳುತ್ತಾಳೆ, ಅವಳಿಗೆ ಇದನ್ನು ಓದಲು ಕೊಡು. ನಿನಗೆ ಗೊತ್ತಿರುವುದನ್ನೂ ಅವಳಿಗಾಗಿಯೇ ಮತ್ತೆ ಬರೆಯುತ್ತಿದ್ದೇನೆ.

ಕೇಳಮ್ಮ ಮೇಘನ. ಅದು ಎಂಬತ್ತಾರನೇ ಇಸವಿ. ಕೋಲಾರದಲ್ಲಿ ಒಂದು ವಾರ ಓಡಿದ ಮೇಲೆ ನಿಮ್ಮ ತಾತ ರೀಲಿನ ಡಬ್ಬಗಳನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ನಮ್ಮ ಟೆಂಟಿಗೆ ತರುತ್ತಿದ್ದ. ಕಥೆ ಇಷ್ಟೇ. ಗೋಧಿ ಬೆಳೆಯುವ ಬಯಲು ಸೀಮೆ, ಹೆಂಡತಿ ಸತ್ತ ಒಬ್ಬ ರೈತ, ಅವನಿಗೊಬ್ಬಳು ಮಗಳು. ಮಗಳು ರೈಲು ಕಂಬಿಯ ಕೆಲಸದವನ ಜೊತೆ ಓಡಿಹೋಗುತ್ತಾಳೆ. ವರ್ಷಗಳಾದ ಮೇಲೆ ಒಂದು ದಿನ ಅಪ್ಪ ಬಿತ್ತನೆ ಬೀಜ ಹೇರಿಕೊಂಡು ಹೋಗಲು ಕುದುರೆ ಬಂಡಿ ಕಟ್ಟಿಕೊಂಡು ಸ್ಟೇಷನ್ನಿಗೆ ಬಂದರೆ, ಮಗಳು ಕೂಸನ್ನು ಎತ್ತಿಕೊಂಡು ರೈಲಿನಿಂದ ಇಳಿಯುತ್ತಾಳೆ. ಕೂಗುತ್ತಾಳೆ. ಅಪ್ಪ ಕುದುರೆಗೆ ಚಾಟಿ ಬೀಸಿ ಹೊರಟುಬಿಡುತ್ತಾನೆ. ಧೂಳಿನಲ್ಲಿ ಬಂಡಿ ಚಿಕ್ಕದಾಗುತ್ತ ಹೋಗುತ್ತದೆ.

ಅಲ್ಲಿಗೆ ಆ ರೀಲು ಮುಗಿಯುತ್ತದೆ. ಟೆಂಟಿನಲ್ಲಿ ನಮಗಿದ್ದದ್ದು ಒಂದೇ ಮಿಷನ್ನು. ಪ್ರತಿ ರೀಲಿಗೂ ದೀಪ ಹಾಕಿ, ಮುಂದಿನ ರೀಲು ಏರಿಸಿ, ದೀಪ ಆರಿಸಬೇಕು. ಹಳ್ಳಿಗಳ ಕಡೆ ಕೊನೇ ಬಸ್ಸು ಒಂಬತ್ತಕ್ಕೆ. ಇಂಗ್ಲಿಷ್ ಪಿಕ್ಚರಿನ ಕೊನೇ ರೀಲಿನಲ್ಲಿ ಏನಿರುತ್ತದೆ, ಬರೀ ಹೆಸರು, ಬರೀ ಮ್ಯೂಸಿಕ್ಕು ಎಂದು ನಾವು ಅದನ್ನು ಓಡಿಸುತ್ತಲೇ ಇರಲಿಲ್ಲ. ಎಲ್ಲ ಟೆಂಟಿನವರೂ ಮಾಡುತ್ತಿದ್ದದ್ದೇ. ಬಂಡಿ ಹೋಯಿತು, ದೀಪ ಹಾಕಿದೆ, ಜನ ಎದ್ದರು. ಗೇಟಿನಲ್ಲಿ ಟಿಕೆಟ್ ಹರಿಯುತ್ತಿದ್ದ ಗಂಗುಲಪ್ಪ ತೊಡೆ ತಟ್ಟಿ, “ಮೊಗೋಡಂಟೇ ಅಟ್ಲುಂಡಾಲಿ ರಾ!” ಎಂದ. ಗಂಡಸು ಅಂದರೆ ಹಾಗಿರಬೇಕು ಎಂದು. ಟೆಂಟಿಗೆ ಟೆಂಟೇ ಹೌದೆಂದಿತು. ಆ ಪಿಕ್ಚರಿಗೆ ಒಂದು ತಲೆಯೂ ಅಲ್ಲಾಡಿರಲಿಲ್ಲ.

ಮಾರನೆಯ ವಾರ ಡಬ್ಬ ತೆಗೆದುಕೊಂಡು ಹೋಗಲು ಬಂದ ನಿಮ್ಮ ತಾತ, “ಲೇ, ಬಂಡಿ ತಿರುಗ್ತದೆ ಕಣೋ. ಸೇತುವೆ ತನಕ ಹೋಗಿ ವಾಪಸ್ ಬರ್ತಾನೆ. ಮಗಳನ್ನ ಹತ್ತಿಸ್ಕೊಂಡು ಹೋಗ್ತಾನೆ” ಎಂದ. ನಾನು, “ಕೋಲಾರದೋರು ಬುರುಡೆ ಬಿಡ್ಬೇಡ್ರೋ” ಎಂದೆ. ಅಂದಿನಿಂದ ಶುರುವಾದ ಜಗಳ ನಮ್ಮಿಬ್ಬರ ಮದುವೆಯಲ್ಲೂ ನಡೆಯಿತು, ನಿಮ್ಮಮ್ಮನ ನಾಮಕರಣದಲ್ಲೂ ನಡೆಯಿತು. ಅಮೆರಿಕದವರು ತೆಗೆದದ್ದರಲ್ಲೆಲ್ಲ ಅದೇ ಶ್ರೇಷ್ಠ, ಯಾಕೆಂದರೆ ಅಪ್ಪ ತಿರುಗುವುದಿಲ್ಲ ಎಂದು ನಾನು. ಅದು ಶ್ರೇಷ್ಠವಾದರೆ ತಿರುಗುವುದರಿಂದಲೇ ಎಂದು ಅವನು.

ಆಮೇಲೆ ನನಗೂ ಒಬ್ಬಳೇ ಮಗಳಾದಳು. ನಮ್ಮ ಮುನಿಲಕ್ಷ್ಮಿ ನರಸಾಪುರದ ಫ್ಯಾಕ್ಟರಿಗೆ ಸೇರಿ, ಕಂಪನಿ ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಕೂರುತ್ತಿದ್ದ ಮಾಲೂರಿನ ಅನಿಲ್‌ಕುಮಾರನನ್ನು ಮದುವೆಯಾದಳು. ಬೇರೆ ಜಾತಿ. ಒಂಬತ್ತು ವರ್ಷವಾಯಿತು. ಹೊಸಲು ತುಳಿಯಬೇಡ ಎಂದೆ. ಅವಳಿಗೆ ಶ್ವೇತ ಹುಟ್ಟಿದಾಗಲೂ ಅಂಜಮ್ಮನನ್ನು ಕಳಿಸಲಿಲ್ಲ. ನಿಮ್ಮ ತಾತ ಬುದ್ಧಿ ಹೇಳಲು ಬಂದರೆ ಅವನಿಗೂ ಬಂಡಿ ಪಿಕ್ಚರಿನ ಮಾತೇ ಹೇಳಿ ಕಳಿಸಿದೆ. ಅವನು ನನ್ನ ಮನೆಯ ನೀರೂ ಕುಡಿಯದೆ ಹೋದ.

ಹೋದ ವರ್ಷ ಆಷಾಢದಲ್ಲಿ ಮುನಿಲಕ್ಷ್ಮಿ ಮಾಲೂರಿನಿಂದ ಕೋಲಾರಕ್ಕೆ, ಕೋಲಾರದಿಂದ ಇಲ್ಲಿಗೆ ಎರಡು ಬಸ್ಸು ಬದಲಾಯಿಸಿ ಬಂದಿದ್ದಳಂತೆ. ಕಿಡ್ನಿ ಎರಡೂ ಕೆಟ್ಟಿದ್ದವು. ಆಸ್ಪತ್ರೆಗೆ ಓಡಾಡುವಷ್ಟು ದಿನ ಮಗುವನ್ನು ನೋಡಿಕೊಳ್ಳಲು ಅಮ್ಮನನ್ನು ಕರೆದುಕೊಂಡು ಹೋಗೋಣ ಎಂದು ಬಂದಿದ್ದಳು. ಮನೆಗೆ ಬರಲು ಧೈರ್ಯವಾಗದೆ ಬೆಳಿಗ್ಗೆ ಹತ್ತರಿಂದ ಎರಡರವರೆಗೆ ಬಸ್ ಸ್ಟ್ಯಾಂಡಿನಲ್ಲೇ ನಿಂತಿದ್ದು ವಾಪಸ್ಸು ಹೋದಳು. ಎರಡು ತಿಂಗಳಿಗೆ ತೀರಿಕೊಂಡಳು. ಇದೆಲ್ಲ ನಮಗೆ ಗೊತ್ತಾದದ್ದು ಮಣ್ಣು ಮಾಡಿದ ದಿನ, ಅನಿಲ್‌ಕುಮಾರ್ ಹೇಳಿದ ಮೇಲೆ. “ನಾಯ್ನ ಗಾಡೀಲಿ ಹೋದ್ರು, ನನ್ನ ನೋಡ್ಲಿಲ್ಲ ಅನ್ಸುತ್ತೆ ಅಂದ್ಲು” ಎಂದ. ನನ್ನನ್ನು ಅವಳು ನಾಯ್ನ ಎಂದೇ ಕರೆಯುತ್ತಿದ್ದದ್ದು. ಆ ಹುಡುಗನ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಅಂದು ಮನೆಗೆ ಬಂದ ಮೇಲೆ ಅಂಜಮ್ಮ ನನ್ನನ್ನು ಒಂದೇ ಮಾತು ಕೇಳಿದಳು. “ಆವತ್ತು ಮಗಳನ್ನ ನೋಡಿದ್ರಾ ನೀವು? ನೋಡಿದ್ರೆ ನೋಡ್ದೆ ಅನ್ನಿ, ನಾನು ಮಾಲೂರಿಗೆ ಹೋಗಿ ಶ್ವೇತನ್ನ ಸಾಕ್ಕೊಂಡಿರ್ತೀನಿ. ನೋಡಿಲ್ಲಾಂದ್ರೆ ಇದು ನನ್ನ ಹಣೇಬರಹ, ಇಲ್ಲೇ ಬಿದ್ದಿರ್ತೀನಿ.” ನೋಡಲಿಲ್ಲ ಎಂದೆ. ಉಳಿದುಕೊಂಡಳು. ಆದರೆ ಅಂದಿನಿಂದ ನನ್ನ ಜೊತೆ ಮಾತಿಲ್ಲ. ಏನಿದ್ದರೂ ಕೊಟ್ಟಿಗೆಯ ಹಸುವಿಗೆ ಹೇಳುತ್ತಾಳೆ: “ಮುದ್ದೆ ಆರೋಗ್ತದೆ ಅಂತ ಹೇಳೇ.” ನಾನೂ ಹಸುವಿಗೇ ಉತ್ತರ ಕೊಡುತ್ತೇನೆ. ಬೇರೆ ದಿನವಾಗಿದ್ದರೆ ನೀನು ಬಿದ್ದು ಬಿದ್ದು ನಗುತ್ತಿದ್ದೆ, ಕದಿರೇಶ.

ನಿನ್ನ ಕಾಗದದ ಹಿಂದೆಯೇ ಮೇಘನ ಬಂಡಿ ಪಿಕ್ಚರನ್ನು ಎಲ್ಲಿಂದಲೋ ಹುಡುಕಿ ಪಕ್ಕದ ಮನೆಯವರ ಫೋನಿಗೆ ಕಳಿಸಿದ್ದಳು. ನೋಡಿದೆ. ಅಂಗೈಯಗಲದ ಪರದೆಯಲ್ಲಿ ಬಂಡಿ ಧೂಳಿನೊಳಗೆ ಹೋಯಿತು. ದೀಪ ಹಾಕುವವರು ಯಾರೂ ಇರಲಿಲ್ಲ, ಪಿಕ್ಚರು ನಿಲ್ಲಲಿಲ್ಲ. ಸೇತುವೆ ಬಂತು, ಕುದುರೆ ನಿಂತಿತು, ಬಂಡಿ ತಿರುಗಿತು. ನೀನು ಹೇಳಿದ್ದೇ ನಿಜವಾಯಿತು. ಸೋತೆ ಕಣೋ. ಏನೂ ಗೊತ್ತಿಲ್ಲದೆ ಮೂವತ್ತೊಂಬತ್ತು ವರ್ಷ ವಾದ ಮಾಡಿದೆ. ಪೂರ್ತಿ ನೋಡದ ಪಿಕ್ಚರನ್ನು ಶ್ರೇಷ್ಠ ಎಂದವನ ಹೆಸರು ಅದರ ಪಕ್ಕದಲ್ಲಿ ಇರಬಾರದು. ನಿನ್ನ ಹೆಸರೊಂದನ್ನೇ ಹಾಕಿಸಿಕೊಂಡರೆ ಇಟ್ಟುಕೋ, ಇಲ್ಲವಾದರೆ ತೆಗೆ.

ಬೇರೆ ಸುದ್ದಿ ಏನೂ ಇಲ್ಲ. ಮಾವಿನ ಸುಗ್ಗಿ ಮುಗಿಯುತ್ತ ಬಂತು, ಮಂಡಿ ಬೀದಿಯಲ್ಲಿ ಕೊಳೆತ ತೋತಾಪುರಿಯ ವಾಸನೆ. ನಿನ್ನ ಮಂಡಿನೋವಿಗೆ ಹರಳೆಣ್ಣೆ ಬಿಸಿ ಮಾಡಿ ಹಚ್ಚು, ಡಾಕ್ಟರನ ಮಾತಿನ ಜೊತೆಗೆ ಇದೂ ಇರಲಿ. ಮೇಘನಳಿಗೆ ನನ್ನ ಆಶೀರ್ವಾದ. ಚೆನ್ನಾಗಿ ಓದಲಿ, ಮನಸ್ಸಿಗೆ ಬಂದವನನ್ನು ಮದುವೆಯಾಗಲಿ, ಯಾವತ್ತು ಮನೆಗೆ ಬಂದರೂ ಒಳಗೆ ಕರೆಯುವವರು ಅವಳಿಗೆ ಇರಲಿ.

ನಿನ್ನ
ಭೀಮರಾಜ

ತಾ.ಕ.: ಸಹಿ ಹಾಕಿದ ಮೇಲೆ ಲಕೋಟೆ ಅಂಟಿಸಲು ಕೈ ಬರಲಿಲ್ಲ. ಮೇಲೆ ಎರಡು ಸುಳ್ಳು ಬರೆದಿದ್ದೇನೆ.

ಕೊನೇ ರೀಲನ್ನು ನಾನು ಆಗಲೇ ನೋಡಿದ್ದೆ. ನೀನು ತಂದುಕೊಟ್ಟ ಮಾರನೆಯ ಬೆಳಿಗ್ಗೆ, ಟೆಂಟಿನ ಪರದೆಗಳನ್ನೆಲ್ಲ ಇಳಿಬಿಟ್ಟು ಒಬ್ಬನೇ ಓಡಿಸಿದೆ. ಬೆಳಕಿಗೆ ಮಸುಕಾಗಿ ಕಂಡರೂ ಬಂಡಿ ತಿರುಗಿದ್ದು ಕಂಡಿತು. ಥೂ, ಎಲ್ಲ ಕೆಡಿಸಿದರಲ್ಲ ಎನಿಸಿತು. ಸುತ್ತಿ ಡಬ್ಬಕ್ಕೆ ಹಾಕಿ ಮುಚ್ಚಿದೆ. ಬಸ್ಸಿನ ಮಾತೂ ನೆಪವೇ. ಕೊನೇ ಬಸ್ಸಿನ ಡ್ರೈವರ್ ನರಸಿಂಹಪ್ಪ ದಿನಾ ನನ್ನ ಟೆಂಟಿನ ಬೆಂಚಿನ ಮೇಲೇ ಕೂತಿರುತ್ತಿದ್ದ. ಅವನು ಏಳದೆ ಬಸ್ಸು ಎಲ್ಲಿಗೆ ಹೋಗುತ್ತಿತ್ತು? ನೀನು ನಿಜ ಹೇಳುತ್ತೀಯ ಎಂದು ಗೊತ್ತಿದ್ದೇ ನಿನ್ನನ್ನು ಸುಳ್ಳುಗಾರ ಎಂದೆ.

ಇನ್ನೊಂದು, ಮುನಿಲಕ್ಷ್ಮಿಯನ್ನು ನಾನು ನೋಡಿದೆ. ಕೈಯಲ್ಲಿ ಆಸ್ಪತ್ರೆಯ ಫೈಲು ಹಿಡಿದುಕೊಂಡು ಬಸ್ ಸ್ಟ್ಯಾಂಡಿನ ಕಂಬಕ್ಕೆ ಒರಗಿ ನಿಂತಿದ್ದಳು, ಮುಖ ಊದಿತ್ತು. “ನಾಯ್ನಾ” ಎಂದಳು. ಗಾಡಿ ನಿಧಾನ ಮಾಡಿದೆ. ಕಣ್ಣಿಗೆ ಕಣ್ಣು ಸೇರಿತು. ಆಮೇಲೆ ಹೊರಟುಬಿಟ್ಟೆ. ಮುಂದಿನ ತಿರುವಿನಲ್ಲಿ ಗಾಡಿ ನಿಲ್ಲಿಸಿ ಅರ್ಧ ಗಂಟೆ ಕೂತೆ, ತಿರುಗಿಸಲಿಲ್ಲ. ನಾನು ನೋಡಿದ್ದು ಅವಳಿಗೆ ಗೊತ್ತು. ಗೊತ್ತಿದ್ದೂ ಗಂಡನ ಹತ್ತಿರ ನನ್ನ ಮಾನ ಉಳಿಸಿದಳು.

ಇಷ್ಟು ಬರೆದು, ಜಗಲಿಯಲ್ಲಿ ಅವರೆಕಾಳು ಹಸನು ಮಾಡುತ್ತಿದ್ದ ಅಂಜಮ್ಮನಿಗೆ ಮೊದಲಿನಿಂದ ಗಟ್ಟಿಯಾಗಿ ಓದಿದೆ. ಕೇಳಿ ಎದ್ದಳು. ಒಳಗೆ ಹೋಗಿ ಸೀರೆ ಬದಲಾಯಿಸಿ, ನಾಲ್ಕು ಬಟ್ಟೆ ಚೀಲಕ್ಕೆ ತುಂಬಿಕೊಂಡು ಬಂದಳು. ಇದನ್ನು ಮುಗಿಸುವ ಹೊತ್ತಿಗೆ ಅವಳು ಕೋಲಾರದ ಬಸ್ಸು ಹತ್ತಿರಬೇಕು. ಕತ್ತಲಾಗುವುದರೊಳಗೆ ಮಾಲೂರು ಸೇರಿದಳೋ ಇಲ್ಲವೋ, ವಿಚಾರಿಸಿ ನನಗೆ ತಿಳಿಸು. ಚಪ್ಪಲಿ ಮೆಟ್ಟಿಕೊಂಡು ನಾನೂ ಹಿಂದೆ ಹೊರಟಿದ್ದೆ. ಹತ್ತು ತಿಂಗಳಲ್ಲಿ ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದಳು. “ನೀವು ಬರ್ಬೇಡಿ” ಎಂದಳು.