ಎಂಟನೇ ಫಾರಂ

ಜೂನ್ 4

ಆರು ರಿಜಿಸ್ಟರ್ ಮುಗಿಯಿತು. ಮೂಲೆ ನೆಟ್ಟಗಿಲ್ಲ ಎಂದು ಹುಳಕ್ಕೆ ಬೈದೆ. ಮೂಲೆ ನೆಟ್ಟಗೇ ಇತ್ತು. ಬೈಂಡಿಂಗಿಗೆ ಬಂದ ಪುಸ್ತಕವನ್ನೆಲ್ಲ ಹೊಲಿಯುವ ಮೊದಲು ಓದಿ ಮುಗಿಸುತ್ತಾಳೆ, ಅದಕ್ಕೆ ಹುಳ. ತಂಗಿ ಸಾಯುವಾಗ ಈ ಮಗಳನ್ನು ನನ್ನ ಮಡಿಲಿಗೆ ಹಾಕಿ ಹೋದಳು. ಹನ್ನೊಂದು ವರ್ಷವಾಯಿತು.

ಬಲಗೈ ಬೆರಳಿನ ಜೋಮು ಬಿಡುತ್ತಿಲ್ಲ. ಈಗ ಹೊಲಿಗೆಯೆಲ್ಲ ಅವಳದೇ. ಅವಳಿಲ್ಲದಿದ್ದರೆ ಅಂಗಡಿ ಮುಚ್ಚಬೇಕು. ಹಾಗೆಂದು ಅವಳೆದುರು ಒಪ್ಪಿಕೊಳ್ಳಲೇ? ತಲೆ ಮೇಲೆ ಕೂರುತ್ತಾಳೆ.

ಜೂನ್ 7, ಮಧ್ಯಾಹ್ನ

ಹುಳ ಕಥೆ ಬರೆಯುತ್ತಿದ್ದಾಳಂತೆ. ಮಂತ್ರ-ತಂತ್ರದ ಕಥೆ. ಸ್ಪರ್ಧೆಗೆ. ಗೆದ್ದರೆ ದೂರದ ಊರಿನಲ್ಲಿ ಎರಡು ವರ್ಷ ಓದು, ಹಾಸ್ಟೆಲು, ಊಟ, ಎಲ್ಲ ಪುಕ್ಕಟೆ. ಎದುರು ಪ್ರೆಸ್ಸಿನವನು ಹೇಳಿದ. ಇವಳು ನನ್ನ ಹತ್ತಿರ ಉಸಿರೆತ್ತಿಲ್ಲ.

"ಏನಕ್ಕಾ, ನಿಮ್ಮ ಹುಳಕ್ಕೆ ರೆಕ್ಕೆ ಬಂತಲ್ಲ!"

"ಬಂದ್ರೆ ಕತ್ತರಿ ಇಲ್ವೇನಯ್ಯ ಅಂಗಡೀಲಿ? ನಿನ್ನ ಮಸಿ ನೀನು ನೋಡ್ಕೋ."

ನಕ್ಕ. ನಾನು ತಮಾಷೆ ಮಾಡಿರಲಿಲ್ಲ.

ಜೂನ್ 22

ಕಥೆ ಮುಗಿಸಿದಳು. ಕೈಬರಹದ ಪ್ರತಿ, ಬೈಂಡ್ ಮಾಡಿ ಕಳಿಸಬೇಕಂತೆ. ಇರುವುದು ಅದೊಂದೇ. ಹದಿನಾರು ಹದಿನಾರು ಪುಟ ಮಡಚಿ ಫಾರಂ ಮಾಡಿಟ್ಟಿದ್ದಾಳೆ.

"ದೊಡ್ಡಮ್ಮ, ಸಂಜೆ ನಾನು ಕಟ್ಕೊಳ್ಲಾ?"

"ಇಡು ಅಲ್ಲಿ. ನಾನೇ ಕಟ್ತೀನಿ."

ಅವಳ ಮುಖ ಅರಳಿದ್ದು ನೋಡಲಾಗಲಿಲ್ಲ. ಸೂಜಿಗಳಿಗೆಲ್ಲ ತಾನೇ ದಾರ ಪೋಣಿಸಿಟ್ಟಳು.

"ಎಂಟು ಫಾರಂ ಇದೆ ದೊಡ್ಡಮ್ಮ, ಹುಷಾರು."

"ನಲವತ್ತು ವರ್ಷದಿಂದ ಕಟ್ತಿದೀನಿ. ನಂಗೆ ಎಣಿಸೋದು ಕಲಿಸ್ತೀಯಾ?"

ಜೂನ್ 24

ನಾಲ್ಕನೇ ಕ್ಲಾಸಿನ ಓದು ನನ್ನದು. ಬೆರಳಿಟ್ಟು ಓದಿದೆ. ಎರಡು ದಿನ ಹಿಡಿಯಿತು.

ಒಬ್ಬಳು ಮುದಿ ಮಂತ್ರವಾದಿನಿ. ಕಣ್ಣು ಹೋಗಿದೆ. ಶಿಷ್ಯೆ ಪುಸ್ತಕ ನೋಡಿ ಕಿವಿಯಲ್ಲಿ ಮಂತ್ರ ಉಸುರುತ್ತಾಳೆ, ಮುದುಕಿ ಅದನ್ನೇ ಗಟ್ಟಿಯಾಗಿ ಹೇಳಿ ಹೆಸರು ಹೊಡೆಯುತ್ತಾಳೆ. ರಾಜರೆಲ್ಲ ಮುದುಕಿಗೆ ಅಡ್ಡ ಬೀಳುತ್ತಾರೆ. ಶಿಷ್ಯೆ ಬಾಯಿ ಬಿಡುವುದಿಲ್ಲ. ಹುಳ ಆ ಮುದುಕಿಗೆ ನನ್ನ ಕೆಮ್ಮು ಕೊಟ್ಟಿದ್ದಾಳೆ. ನನ್ನ ಮಂಡಿನೋವು. ನನ್ನ ಬೈಗುಳ, ಒಂದಕ್ಷರ ಬಿಡದೆ.

ಒಂದು ಕಡೆ ಶಿಷ್ಯೆ ಮುದುಕಿಯ ಕಾಲು ಒತ್ತುತ್ತಿರುತ್ತಾಳೆ. ಒತ್ತುತ್ತಲೇ, ಇವಳು ಇವತ್ತು ಸತ್ತರೆ ಅಳು ಬರುತ್ತದೋ ನಗು ಬರುತ್ತದೋ ಎಂದು ಯೋಚಿಸುತ್ತಾಳೆ. ಆಮೇಲೆ ಇನ್ನೂ ಮೆತ್ತಗೆ ಒತ್ತುತ್ತಾಳೆ.

ಅಲ್ಲಿ ಫಾರಂ ಮುಚ್ಚಿಟ್ಟು ನೀರು ಕುಡಿದೆ.

ಏಳನೇ ಫಾರಂ ಮುಗಿದಾಗ ಶಿಷ್ಯೆ ಬಾಗಿಲ ಚಿಲಕಕ್ಕೆ ಕೈ ಹಾಕಿದ್ದಳು. ಎಂಟನೆಯದರ ಮೊದಲ ಪುಟದಲ್ಲೇ ಹೊಸ್ತಿಲು ದಾಟಿದಳು. ತಿರುಗಿ ನೋಡಲಿಲ್ಲ ಎಂದು ಬರೆದಿದ್ದಾಳೆ.

ನೋಡಲಿಲ್ಲವಂತೆ! ಎಂಟನೆಯದನ್ನು ಪಕ್ಕಕ್ಕೆಸೆದೆ. ಏಳನ್ನೇ ಹೊಲಿದು, ರಟ್ಟು ಹಾಕಿ, ನಾನೇ ಪೋಸ್ಟ್ ಮಾಡಿ ಬಂದೆ. ಎಂಟನೆಯದನ್ನು ಹರಿದು, ಕಟ್ಟಲು ಬಂದಿದ್ದ ಆಫೀಸ್ ರಿಜಿಸ್ಟರುಗಳ ಬೆನ್ನಿಗೆ ಅಂಟಿನ ಜೊತೆ ಹಚ್ಚಿದೆ. ಒಳ್ಳೆ ಕಾಗದ. ಗಟ್ಟಿ ನಿಂತಿತು.

ಜೂನ್ 25

ರಿಜಿಸ್ಟರುಗಳು ಆಫೀಸಿಗೆ ಹೋದವು. ಹುಳ ದಿನವೆಲ್ಲ ಹಾಡುತ್ತಿತ್ತು. ಬೈಯಲಿಲ್ಲ.

ಆಗಸ್ಟ್ 30

ಪುಸ್ತಕ ವಾಪಸ್ ಬಂತು. ಜೊತೆಗೊಂದು ಚೀಟಿ — 'ಕಥೆ ಅಪೂರ್ಣವಾಗಿದೆ. ಪರಿಗಣಿಸಿಲ್ಲ.'

ಹುಳ ಪುಸ್ತಕದ ಬೆನ್ನಿನ ಮೇಲೆ ಹೆಬ್ಬೆರಳಾಡಿಸಿದಳು. ಬಿಚ್ಚಿ ನೋಡದೆಯೇ ಹೇಳಿದಳು.

"ಏಳೇ ಇದೆ."

ಅಂಟಿನ ಡಬ್ಬಿಯ ಮುಚ್ಚಳ ಬಿಗಿ ಮಾಡಿದೆ.

"ಹೋಗ್ಲಿ ಬಿಡು ದೊಡ್ಡಮ್ಮ. ನಿನ್ನ ಕೈ ಸೋತಿದೆ ಅಂತ ನಂಗೊತ್ತು. ತಪ್ಪಿರತ್ತೆ."

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಅವಳೇ ದಾರಿ ಬಿಟ್ಟುಕೊಟ್ಟಿದ್ದಳು. ಆದರೆ ಕೈ ಸೋತಿದೆಯಂತೆ! ಮೈ ಉರಿದುಹೋಯಿತು.

"ನನ್ನ ಕೈಲಿ ಇವತ್ತಿನವರೆಗೆ ಒಂದು ಫಾರಂ ತಪ್ಪಿಲ್ಲ ಕಣೇ! ತೆಗೆದೆ. ಬೇಕೂಂತ್ಲೇ ತೆಗೆದೆ."

ಪುಸ್ತಕವನ್ನು ಮೇಜಿನ ಮೇಲಿಟ್ಟಳು.

"ಪೂರ್ತಿ ಓದಿದ್ಯಾ?"

"ಅವಳು ಹೊರಟೋದ್ಲಲ್ಲ. ಇನ್ನೇನು ಓದೋದು?"

"ವಾಪಸ್ ಬರ್ತಾಳೆ ದೊಡ್ಡಮ್ಮ. ಮುಂದಿನ ಪುಟದಲ್ಲೇ. ಮುದುಕೀನ ಬೆನ್ನ ಮೇಲೆ ಹೊತ್ಕೊಂಡು ಹೋಗ್ತಾಳೆ. ಇಬ್ರೂ ಹೋಗ್ತಾರೆ. ಹಾಸ್ಟೆಲ್ ಬೇಡ, ಆ ಊರಲ್ಲೊಂದು ರೂಮು ಮಾಡೋಣ ನಾವಿಬ್ರೂ ಅಂತ ಪ್ರೆಸ್ಸಿನೋರ ಹತ್ರ ನಾನೂ ವಿಚಾರ್ಸಿದ್ದೆ."

ಒಲೆ ಮೇಲಿನ ಅನ್ನ ಸೀದುಹೋಯಿತು. ಇಬ್ಬರೂ ಏಳಲಿಲ್ಲ.

ಸೆಪ್ಟೆಂಬರ್ 8

ಕೆಲಸಕ್ಕೆ ಹೆಸರಿಡುವ ಹಾಗಿಲ್ಲ. ಹೊತ್ತಿಗೆ ಸರಿಯಾಗಿ ಊಟ, ಮಾತ್ರೆ, ಮಂಡಿಗೆ ಎಣ್ಣೆ. ಕೇಳಿದ್ದಕ್ಕೆ 'ಹೂಂ ದೊಡ್ಡಮ್ಮ.' ಬೈದರೂ ಅದೇ. ಬಂದ ಪುಸ್ತಕವನ್ನು ಪುಟ ತೆರೆಯದೆ ಹೊಲಿದು ಪಕ್ಕಕ್ಕಿಡುತ್ತಾಳೆ.

"ಓದೇ ಸ್ವಲ್ಪ" ಎಂದೆ. ನಾನು! ಜನ್ಮದಲ್ಲಿ ಮೊದಲ ಸಲ.

"ಯಾಕೆ ದೊಡ್ಡಮ್ಮ, ಕೆಲಸ ಇದ್ಯಲ್ಲ."

ಸೆಪ್ಟೆಂಬರ್ 21, ಬೆಳಿಗ್ಗೆ

ಪ್ರೆಸ್ಸಿನವನ ಕಾಲು ಹಿಡಿದು ಬೇರೊಂದು ಕಾಲೇಜಿನ ಅರ್ಜಿ ತರಿಸಿದೆ. ಅವಳ ಮುಂದಿಟ್ಟೆ. ಹೋಗು ಎಂದೆ. ಅಂಗಡಿ ಹಾಳಾಗಲಿ, ನೀನು ಹೋಗೇ ಮಾರಾಯ್ತಿ ಎಂದೆ. ಅರ್ಜಿಯನ್ನು ನೀಟಾಗಿ ನಾಲ್ಕು ಮಡಿಕೆ ಮಾಡಿ ಅಂಟಿನ ಡಬ್ಬಿಯ ಕೆಳಗಿಟ್ಟಳು. ಮೇಜಿಗೆ ಕಲೆಯಾಗದಿರಲೆಂದು.

"ನಾನೆಲ್ಲಿಗೂ ಹೋಗಲ್ಲ ದೊಡ್ಡಮ್ಮ. ನೀನಿರೋವರೆಗೂ ಇಲ್ಲೇ."

ನಕ್ಕಳು ಬೇರೆ.

ಹೋದ ವಾರ ಡಾಕ್ಟರು ನನ್ನ ಗುಂಡಿಗೆ ಕಲ್ಲಿನ ಹಾಗಿದೆ ಎಂದರು. ಇನ್ನೂ ಹತ್ತು ವರ್ಷ ಧಾರಾಳವಾಗಿ ಬದುಕುತ್ತೀರಿ ಎಂದರು. ಹತ್ತು ವರ್ಷ, ಮೂರು ಹೊತ್ತು, ಹೂಂ ದೊಡ್ಡಮ್ಮ. ಹದಿನೈದಾದರೆ —